ಡುಮ್ಮ ಫಾದರ್ ಪೋಪ್ ಆದ ಸಂಜೆ

ಮೈಕ್ ಸೆಟ್ಟಿನವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದನ್ನು ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಚುನಾವಣೆಯ ಭಾಷಣವಿರಲಿ, ಎಲ್ಲರಿಗಿಂತ ಮೊದಲು ಅವನು ಹೋಗಿ ಮೈಕಿನ ತಲೆಯನ್ನು ಬೆರಳಿನಿಂದ ಕುಟ್ಟಿ "ಹಲೋ, ಹಲೋ" ಎನ್ನುತ್ತಿದ್ದ. ವರ್ಷಗಟ್ಟಲೆ ಹೀಗೆ ಅಂದದ್ದರಿಂದ ಊರು ಅವನನ್ನೇ ಹಲೋ ಎಂದು ಕರೆಯತೊಡಗಿತ್ತು. ಟೆಲಿಫೋನಿನಲ್ಲಿ ಯಾರಾದರೂ "ಹಲೋ" ಎಂದರೆ, "ಹೌದು, ನಾನೇ, ಏನಾಗಬೇಕಿತ್ತು?" ಎಂದು ಅವನು ಕೇಳುತ್ತಿದ್ದನಂತೆ. ಅದು ಯಾರೋ ಕಟ್ಟಿದ ಮಾತಿರಬಹುದು. ಮುಂದೆ ಹೇಳುವುದು ಮಾತ್ರ ನಡೆದದ್ದು.

ಚರ್ಚಿನ ಮೈಕೂ ಅವನದೇ. ಒಂದು ಸಲ ಅಲ್ಲಿ ಯಾರದೋ ಅಂತ್ಯಕ್ರಿಯೆಯಲ್ಲಿ ಹಳೆಯ ಲ್ಯಾಟಿನ್ ಹಾಡು ಹಾಡಿಸಿದರು. ಹಾಡು ಮುಗಿದ ಮೇಲೆ ಹಾಡಿನ ಟೀಚರು ಬಂದು, "ಸೌಂಡ್ ಹೇಗಿತ್ತಪ್ಪಾ?" ಎಂದು ಕೇಳಿದರು. ಹಲೋ ವಯರು ಸುತ್ತುತ್ತಿದ್ದ. ಸುಮ್ಮನೆ "ಚೆನ್ನಾಗಿತ್ತು" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಕತ್ತು ಸ್ವಲ್ಪ ಓರೆ ಮಾಡಿ, "ಸೌಂಡ್ ಸರಿ ಇತ್ತು ಟೀಚರ್. ಎರಡನೇ ಸಾಲಲ್ಲಿ ಲ್ಯಾಟಿನ್ ಮಾತ್ರ ಸ್ವಲ್ಪ ಜಾರಿತು" ಎಂದುಬಿಟ್ಟ.

ಟೀಚರಿಗೆ ನಿಜವಾಗಿಯೂ ಎರಡನೇ ಸಾಲಿನಲ್ಲಿ ಜಾರಿತ್ತು.

"ಅಯ್ಯೋ! ನಿಮಗೆ ಲ್ಯಾಟಿನ್ ಬರುತ್ತಾ?"

"ಏನೋ, ಅಲ್ಪಸ್ವಲ್ಪ. ಕಿವಿಗೆ ಬಿದ್ದೂ ಬಿದ್ದೂ."

ಈ ಸುದ್ದಿ ಅವನಿಗಿಂತ ಮೊದಲೇ ಅವನ ಮನೆ ಮುಟ್ಟಿತು. ಹೆಂಡತಿ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. ಅವಳ ಅಕ್ಕನ ಗಂಡ, ಅಂದರೆ ಹಲೋನ ಷಡ್ಡಕ, ದೊಡ್ಡ ಇಲಾಖೆಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಚರ್ಚಿನ ಸಮಿತಿಗೆ ಅಧ್ಯಕ್ಷರು. ಇಂಗ್ಲಿಷ್ ಪತ್ರಿಕೆಯನ್ನು ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುವವರು. ಅಕ್ಕ ಬಂದಾಗಲೆಲ್ಲ ಆ ಇಂಗ್ಲಿಷಿನ ವರ್ಣನೆ ಕೇಳಿ ಕೇಳಿ ಇವಳಿಗೆ ಸಾಕಾಗಿ ಹೋಗಿತ್ತು. ಆ ದಿನ ಅಕ್ಕನ ಮನೆಗೆ ತಾನಾಗಿ ಹೋಗಿ ಹೇಳಿ ಬಂದಳು: "ಭಾವನಿಗೆ ಇಂಗ್ಲಿಷ್ ಬರುತ್ತೆ, ಸರಿ. ಅದು ಈಗ ಬಸ್ ಕಂಡಕ್ಟರಿಗೂ ಬರುತ್ತೆ. ನಮ್ಮವರಿಗೆ ಲ್ಯಾಟಿನ್ ಬರುತ್ತೆ."

"ಅಷ್ಟೆಲ್ಲ ಬರಲ್ಲ ಕಣೇ" ಎಂದು ಹಲೋ ರಾತ್ರಿ ಊಟಕ್ಕೆ ಕೂತಾಗ ಹೇಳಿ ನೋಡಿದ.

"ಎಷ್ಟು ಬರುತ್ತೋ ಅಷ್ಟೇ ಬರಲಿ. ಬರಲ್ಲ ಅಂತ ಮಾತ್ರ ಎಲ್ಲೂ ಬಾಯಿಬಿಡಬೇಡಿ" ಎಂದಳು ಹೆಂಡತಿ.

ಹೀಗೆ ಅವನು ಲ್ಯಾಟಿನ್ ಬಲ್ಲವನಾದ. ಯಾರೂ ಪರೀಕ್ಷೆ ಮಾಡದಿರುವ ತನಕ ಎಂಥ ಭಾಷೆಯೂ ಯಾರಿಗೆ ಬೇಕಾದರೂ ಬರುತ್ತದೆ.

ಆ ವರ್ಷ ಪೋಪ್ ತೀರಿಕೊಂಡರು. ರೋಮಿನಲ್ಲಿ ಹೊಸಬರನ್ನು ಆರಿಸಲು ಕಾರ್ಡಿನಲ್ಲುಗಳೆಂಬ ಹಿರಿಯ ಪಾದ್ರಿಗಳೆಲ್ಲ ಬಾಗಿಲು ಹಾಕಿಕೊಂಡು ಕೂತರು. ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದಿದ್ದ ಕಾಲ. ಚರ್ಚಿನ ಈಗಿನ ಪಾದ್ರಿ ಹುಡುಗು ವಯಸ್ಸಿನವರು, ಉತ್ಸಾಹಿ. ತಮ್ಮ ಕೋಣೆಯ ಟಿವಿಯನ್ನು ಎತ್ತಿಸಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಎರಡು ಮೇಜು ಒಂದರ ಮೇಲೊಂದಿಟ್ಟು ಕೂರಿಸಿದರು. ಡಿಶ್ಶಿನಲ್ಲಿ ಯಾವುದೋ ವಿದೇಶದ ಚಾನೆಲ್ಲು ಹಿಡಿದರು. ಅದರಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಒಂದು ಹೆಂಚಿನ ಮಾಡು, ಅದರ ಮೇಲೊಂದು ಹೊಗೆ ಕೊಳವೆ, ಕೊಳವೆಯ ಮೇಲೆ ಆಗಾಗ ಒಂದು ಹಕ್ಕಿ. ಊರಿನ ಜನ ದಿನವಿಡೀ ಅದನ್ನೇ ನೋಡಿದರು. ಹಕ್ಕಿ ಹಾರಿಹೋದರೆ ನಿಟ್ಟುಸಿರು ಬಿಟ್ಟರು.

"ಹೊಗೆ ಕಪ್ಪಾದರೆ ಇನ್ನೂ ಆಗಿಲ್ಲ ಅಂತ. ಬಿಳಿಯಾದರೆ ಪೋಪ್ ಆದರು ಅಂತ" ಎಂದು ಪಾದ್ರಿ ಬಿಡಿಸಿ ಹೇಳಿದ್ದರು. "ಆಮೇಲೆ ಒಬ್ಬರು ಬಾಲ್ಕನಿಗೆ ಬಂದು ಲ್ಯಾಟಿನ್‌ನಲ್ಲಿ ಹೆಸರು ಹೇಳ್ತಾರೆ. ಆಗ ನಾನು ಒಂದೊಂದೇ ಮಾತಿಗೆ ಕನ್ನಡದಲ್ಲಿ ಹೇಳ್ತೀನಿ."

ಆದರೆ ಆ ಸಂಜೆ ಆಸ್ಪತ್ರೆಯಿಂದ ಫೋನು ಬಂತು. ಒಬ್ಬ ರೋಗಿ ಕೊನೆಯುಸಿರಿನಲ್ಲಿದ್ದಾನೆ, ಪಾದ್ರಿ ಬೇಕಂತೆ. ಪಾದ್ರಿ ಸ್ಕೂಟರ್ ಹತ್ತಿ ಹೊರಟರು. ಅವರ ಸ್ಕೂಟರಿನ ಶಬ್ದ ಬೀದಿಯ ತುದಿ ದಾಟಿತ್ತೋ ಇಲ್ಲವೋ, ಕೊಳವೆಯಿಂದ ಹೊಗೆ ಬಂತು.

"ಕಪ್ಪು" ಎಂದರು ಅಧ್ಯಕ್ಷರು.

"ಬಿಳಿ" ಎಂದರು ಹಾಡಿನ ಟೀಚರು.

"ನಮ್ಮ ಅಡುಗೆಮನೆಯಲ್ಲಿ ಹಸಿ ಸೌದೆ ಹಾಕಿದಾಗ ಹೀಗೇ ಬರ್ತಿತ್ತು" ಎಂದಳು ಪಾದ್ರಿ ಮನೆಯ ಅಡುಗೆಯಮ್ಮ. ಅಷ್ಟರಲ್ಲಿ ಟಿವಿಯೊಳಗೆ ಗಂಟೆ ಮೊಳಗತೊಡಗಿತು, ಚೌಕದಲ್ಲಿ ನಿಂತಿದ್ದ ಸಾವಿರಾರು ಜನ ಕೂಗತೊಡಗಿದರು. ಸಭಾಂಗಣದವರೂ ಕೂಗಿದರು. ಕೂಗಿ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ಹೊಳೆಯಿತು: ಲ್ಯಾಟಿನ್ ಹೇಳುವವರು ಯಾರು?

ಹಲೋ ಮೂಲೆಯಲ್ಲಿ ತನ್ನ ಆಂಪ್ಲಿಫಯರಿನ ಹಿಂದೆ ಬಗ್ಗಿ, ಇಲ್ಲದ ವಯರೊಂದನ್ನು ಹುಡುಕುತ್ತಿದ್ದ.

"ಯಾಕೆ, ನಮ್ಮವರಿದ್ದಾರಲ್ಲ!" ಎಂದು ಹೆಂಗಸರ ಕಡೆಯಿಂದ ಧ್ವನಿಯೊಂದು ಎದ್ದಿತು. ಯಾರದೆಂದು ಹೇಳಬೇಕಾಗಿಲ್ಲ.

ಅಧ್ಯಕ್ಷರು ಷಡ್ಡಕನನ್ನು ಕನ್ನಡಕದ ಮೇಲಿನಿಂದ ನೋಡಿದರು. "ಏನಪ್ಪಾ, ಆಗುತ್ತಾ ನಿನ್ನ ಕೈಲಿ?"

ಆ ನೋಟವೊಂದು ಇಲ್ಲದಿದ್ದರೆ ಹಲೋ ತಲೆ ತುರಿಸಿಕೊಂಡು ತಪ್ಪಿಸಿಕೊಳ್ಳುತ್ತಿದ್ದ. ಹೆಂಡತಿ ಒಂದು ಕಡೆ, ಷಡ್ಡಕ ಇನ್ನೊಂದು ಕಡೆ. ಅವನು ಮೈಕ್ ಕೈಗೆತ್ತಿಕೊಂಡು ಅದರ ತಲೆ ಕುಟ್ಟಿ, "ಹಲೋ, ಹಲೋ" ಎಂದ. ಚರ್ಚಿನ ಮಾಡಿನ ಮೇಲಿದ್ದ ಎರಡು ಹಾರ್ನುಗಳು ಅದನ್ನು ಇಡೀ ಬೀದಿಗೆ ಹೇಳಿದವು.

ಬಾಲ್ಕನಿಯ ಪರದೆ ಸರಿಯಿತು. ಕೆಂಪು ಟೋಪಿಯ ಮುದುಕರೊಬ್ಬರು ಬಂದರು. ಕಾಗದ ನೋಡಿ ಓದಿದರು: "ಅನ್ನುಂತ್ಸಿಯೋ ವೋಬಿಸ್..."

ಸಭೆ ಹಲೋನ ಕಡೆ ತಿರುಗಿತು.

"ಅನ್ನ ಉಂಟು ಅಂತಿದ್ದಾರೆ" ಎಂದ ಹಲೋ.

"ಅನ್ನಾನಾ?"

"ಅಂದ್ರೆ... ಯಾರೂ ಹೆದರಬೇಡಿ, ಎಲ್ಲರಿಗೂ ಅನ್ನ ಉಂಟು, ದೇವರು ಕೈಬಿಡಲ್ಲ ಅಂತ. ಶುರು ಹಾಗೇ ಮಾಡೋದು."

ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಮುದುಕರು ಇನ್ನೇನೋ ಹೇಳಿ, "ಹಾಬೇಮುಸ್ ಪಾಪಾಂ!" ಎಂದರು. ಟಿವಿಯೊಳಗೆ ಜನ ಹುಚ್ಚೆದ್ದು ಕುಣಿದರು.

"ಪೋಪ್ ಸಿಕ್ಕಿದರು ಅಂತ. ಇದು ನನಗೂ ಗೊತ್ತು" ಎಂದರು ಅಧ್ಯಕ್ಷರು.

"ಅದನ್ನೇ ಹೇಳೋಕೆ ಹೊರಟಿದ್ದೆ" ಎಂದ ಹಲೋ.

ಮುದುಕರು ಉದ್ದದ ಪದವೊಂದನ್ನು ಉಸಿರು ಹಿಡಿದು ದಾಟಿದರು. ಒಂದು ಕ್ಷಣ ನಿಂತರು. ಆಮೇಲೆ ಸ್ಪಷ್ಟವಾಗಿ, ಗಂಭೀರವಾಗಿ, "ದೋಮಿನುಂ" ಎಂದರು. ಮತ್ತೆ ನಿಂತು, ಇನ್ನೂ ಗಟ್ಟಿಯಾಗಿ, "ದೋಮಿನುಂ..." ಎಂದರು.

ಕರೆಂಟು ಹೋಯಿತು.

ಟಿವಿ ಕಪ್ಪಾಯಿತು, ಫ್ಯಾನು ನಿಂತಿತು. ಹಲೋನ ಮೈಕ್ ಮಾತ್ರ ಕಾರಿನ ಬ್ಯಾಟರಿಯ ಮೇಲೆ ಓಡುತ್ತಿದ್ದದ್ದರಿಂದ ಜೀವಂತವಾಗಿತ್ತು. ಕೆಟ್ಟದ್ದು ಅಲ್ಲೇ ಆಯಿತು.

"ಏನಂದ್ರು? ಯಾರಂತೆ?" ಎಂದು ಸಭೆ ಕತ್ತಲಲ್ಲೇ ಕೂಗಿತು.

ಹಲೋ ಆಗ ಸುಳ್ಳು ಹೇಳಲಿಲ್ಲ. ಅವನ ಕಿವಿಗೆ ಬಿದ್ದದ್ದನ್ನೇ ಹೇಳಿದ. "ಡುಮ್ಮನ್ನ" ಎಂದ. "ಡುಮ್ಮನ್ನ, ಡುಮ್ಮನ್ನ ಅಂತ ಎರಡು ಸಲ ಅಂದ್ರು."

"ಯಾವ ಡುಮ್ಮನ್ನ?"

ಅಡುಗೆಯಮ್ಮನ ಕೈಯಿಂದ ಗಾಜಿನ ಟೀ ಲೋಟಗಳ ತಟ್ಟೆ ಜಾರಿ ನೆಲಕ್ಕೆ ಬಿತ್ತು.

"ನಮ್ಮ ಡುಮ್ಮ ಫಾದರನ್ನ!" ಎಂದಳು. "ಅಯ್ಯೋ ದೇವರೇ, ನಮ್ಮ ಡುಮ್ಮ ಫಾದರನ್ನ ಪೋಪ್ ಮಾಡಿಬಿಟ್ಟರು!"

ಡುಮ್ಮ ಫಾದರ್ ಈ ಚರ್ಚಿನ ಹಿಂದಿನ ಪಾದ್ರಿ. ದೊಡ್ಡ ಹೊಟ್ಟೆ, ದೊಡ್ಡ ಧ್ವನಿ, ಅದಕ್ಕಿಂತ ದೊಡ್ಡ ಪ್ರಸಂಗ. ಅವರು ಉಪದೇಶಕ್ಕೆ ನಿಂತರೆ ತಾಯಂದಿರ ಮಡಿಲಲ್ಲಿ ಮಕ್ಕಳು ಮಲಗಿ, ಎದ್ದು, ಮತ್ತೆ ಮಲಗುತ್ತಿದ್ದವು. ಡುಮ್ಮ ಎನ್ನುವುದು ಊರು ಅವರ ಬೆನ್ನ ಹಿಂದೆ ಇಟ್ಟ ಹೆಸರು. ಕೊನೆಗೆ ಅಧ್ಯಕ್ಷರು ನಾಲ್ಕು ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಿಷಪ್ಪರ ಹತ್ತಿರ ಹೋಗಿ ದೂರು ಹೇಳಿ, ಅವರನ್ನು ಇಲ್ಲಿಂದ ಎತ್ತಿಸಿದ್ದರು. "ಓದಿಗೆ ರೋಮಿಗೆ ಕಳಿಸ್ತೀವಿ" ಎಂದು ಬಿಷಪ್ಪರು ಅಂದದ್ದಷ್ಟೇ ಊರಿಗೆ ಗೊತ್ತು. ಆಮೇಲೆ ಅವರೇನಾದರು ಎಂದು ಯಾರೂ ಕೇಳಿರಲಿಲ್ಲ.

"ಅದು ಹೇಗೆ ಸಾಧ್ಯ?" ಎಂದರು ಅಧ್ಯಕ್ಷರು. "ಪೋಪ್ ಆಗಬೇಕಾದರೆ ಮೊದಲು ಕಾರ್ಡಿನಲ್ ಆಗಿರಬೇಕು."

"ಆಗಿರ್ತಾರೆ" ಎಂದರು ಹಾಡಿನ ಟೀಚರು. "ರೋಮಿಗೆ ಹೋಗಿ ಎಷ್ಟು ವರ್ಷ ಆಯ್ತು! ಆದರೆ ನಮಗೆ ಯಾಕೆ ಹೇಳಿ ಕಳಿಸ್ತಾರೆ? ಹೊರಡೋ ದಿನ ಬಸ್ ಸ್ಟ್ಯಾಂಡಿಗೂ ಯಾರೂ ಹೋಗಲಿಲ್ಲ."

"ಅಷ್ಟು ದೊಡ್ಡ ಬಾಲ್ಕನಿಯಲ್ಲಿ ನಿಂತು ಡುಮ್ಮ ಅಂತಾರೇನ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸಲಿಗೆ ಇರುತ್ತೆ. ಒಳಗೊಳಗೇ ಎಲ್ಲ ಹಾಗೇ ಕರೀತಿರಬೇಕು" ಎಂದರು ಟೀಚರು.

ಅಧ್ಯಕ್ಷರು ಕುರ್ಚಿ ಹುಡುಕಿದರು. ಕುರ್ಚಿ ಇದ್ದದ್ದು ಒಂದು ಕಡೆ, ಅವರು ಕೂತದ್ದು ಇನ್ನೊಂದು ಕಡೆ. ನೆಲದ ಮೇಲೆ ಕೂತೇ ಅವರು ಹೇಳಿದರು: "ನಾನು ಬಿಷಪ್ಪರ ಮುಂದೆ ಅವರನ್ನ ಹೊಟ್ಟೆಬಾಕ ಅಂದಿದ್ದೀನಿ. ಪೋಪನ್ನ! ಹೊಟ್ಟೆಬಾಕ ಅಂತ!"

ಈ ಮಾತುಗಳೆಲ್ಲ ಹಲೋನ ಕೈಯಲ್ಲಿದ್ದ ಮೈಕಿನ ಮೂಲಕ ಬೀದಿಗೆ ಹೋಗುತ್ತಿದ್ದವು. ಬೀದಿ ಓಡಿ ಬಂತು. ಬೇಕರಿಯವನು ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದ. ಟೈಲರು ಕುತ್ತಿಗೆಯಲ್ಲಿ ಟೇಪಿನ ಸಮೇತ ಬಂದು, ಹಿಂದೊಮ್ಮೆ ಫಾದರಿನ ನಿಲುವಂಗಿಗೆ ಬಟ್ಟೆ ಸಾಲದೆ ಎದುರಿಗೇ ನಕ್ಕಿದ್ದನ್ನು ನೆನೆದು ತಲೆ ಮೇಲೆ ಕೈಹೊತ್ತು ನಿಂತ. ಯಾರೋ ಹೋಗಿ ಗಂಟೆಯ ಹಗ್ಗ ಎಳೆದರು. ಎಳೆದವನಿಗೆ ನಿಲ್ಲಿಸಲು ಧೈರ್ಯ ಬರಲಿಲ್ಲ.

ಗಂಟೆ ಕೇಳಿ ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರು ಟಾರ್ಚು ಬೀಸುತ್ತ ಒಳಗೆ ಬಂದರು. "ಏನ್ರೀ ಇದು ಗಲಾಟೆ? ಯಾರ ಪರ್ಮಿಷನ್ ತಗೊಂಡಿದ್ದೀರಿ?"

"ಸಾರ್, ಇಲ್ಲಿದ್ದ ಡುಮ್ಮ ಫಾದರ್ ಪೋಪ್ ಆಗಿದ್ದಾರೆ."

ಟಾರ್ಚು ಕೆಳಗಿಳಿಯಿತು. "ಯಾರು? ಆ ಸ್ಕೂಟರಿನವರಾ?"

"ಅವರೇ ಸಾರ್."

ಇನ್ಸ್‌ಪೆಕ್ಟರು ಟೋಪಿ ತೆಗೆದರು. ಲೈಟಿಲ್ಲದ ಸ್ಕೂಟರ್ ಓಡಿಸಿದರೆಂದು ಅವರು ಆ ಮನುಷ್ಯನನ್ನು ಠಾಣೆಯ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕೂರಿಸಿದ್ದರು. ಬೆಂಚು ಮುರಿದದ್ದಕ್ಕೆ ಇನ್ನೂ ಎರಡು ಮಾತು ಅಂದಿದ್ದರು. ಈಗ ಸಭಾಂಗಣದ ಗೋಡೆಗೆ ಒರಗಿ ನಿಂತು, "ಒಂದು ದೇಶದ ಮುಖ್ಯಸ್ಥರಲ್ವೇನ್ರೀ ಪೋಪ್ ಅಂದರೆ?" ಎಂದು ಮೆಲ್ಲಗೆ ಕೇಳಿದರು.

"ಹೌದು. ಪ್ರತ್ಯೇಕ ದೇಶ. ಸೈನ್ಯವೂ ಇದೆ" ಎಂದರು ಅಧ್ಯಕ್ಷರು ನೆಲದಿಂದ.

ಆಮೇಲೆ ಸಮಿತಿಯ ತುರ್ತು ಸಭೆ ಅಲ್ಲೇ ನಡೆಯಿತು. ಕ್ಷಮೆ ಕೇಳಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಯಾವಾಗ ಎಂಬುದೇ ಪ್ರಶ್ನೆ. "ಈಗಲೇ" ಎಂದರು ಹಾಡಿನ ಟೀಚರು. "ನಾಳೆಯಿಂದ ರಾಜರು, ಪ್ರಧಾನಿಗಳು ಎಲ್ಲ ಫೋನ್ ಮಾಡೋಕೆ ಶುರು ಮಾಡ್ತಾರೆ. ನಮಗೆ ಲೈನ್ ಸಿಗಲ್ಲ."

ಚರ್ಚಿನ ಆಫೀಸಿನಲ್ಲಿದ್ದ ಟೆಲಿಫೋನನ್ನು ವಯರು ಎಳೆದು ಸಭಾಂಗಣಕ್ಕೆ ತಂದರು. ಅಧ್ಯಕ್ಷರು ಬಿಷಪ್ಪರ ಮನೆಯ ನಂಬರು ತಿರುಗಿಸಿದರು. ಅಲ್ಲಿ ಎತ್ತಿದವರು ಕಾರ್ಯದರ್ಶಿ. ಅವರ ಹಿಂದೆ ಟಿವಿಯ ಗದ್ದಲ ಕೇಳುತ್ತಿತ್ತು.

"ನಮ್ಮ ಹಿಂದಿನ ಫಾದರ್, ಅವರು ಈಗ ಎಲ್ಲಿದ್ದಾರೋ ಅಲ್ಲಿಯ ನಂಬರ್ ಬೇಕಾಗಿತ್ತು" ಎಂದರು ಅಧ್ಯಕ್ಷರು, ಎದ್ದು ನಿಂತು.

"ಯಾರು, ಆ ದಪ್ಪನೆಯವರಾ? ಬರಕೊಳ್ಳಿ. ಆದರೆ ಈ ಹೊತ್ತಲ್ಲಿ ಅವರು ಬಟ್ಟೆ ಒಗೀತಾ ಇರ್ತಾರೆ."

"ಇವತ್ತೂನಾ? ಅವರೇ ಒಗೀತಾರಾ?"

"ಮತ್ತೆ ಅವರ ಬಟ್ಟೆ ಯಾರು ಒಗೀತಾರೆ?"

ಅಧ್ಯಕ್ಷರು ರಿಸೀವರಿಗೆ ಕೈ ಅಡ್ಡ ಹಿಡಿದು ಸಭೆಗೆ ಹೇಳಿದರು: "ಎಂಥ ಸರಳತೆ ನೋಡಿ! ಪೋಪ್ ಆದ ದಿನವೂ ಬಟ್ಟೆ ತಾವೇ ಒಗೀತಾರಂತೆ!"

ಹೆಂಗಸರಲ್ಲಿ ಇಬ್ಬರು ಅತ್ತರು. ಟಾರ್ಚಿನ ಬೆಳಕಿನಲ್ಲಿ ನಂಬರು ಬರೆದುಕೊಂಡ ಮೇಲೆ ಅದನ್ನು ನೋಡಿ ಬೇಕರಿಯವನು, "ರೋಮಿನ ನಂಬರು ಇಷ್ಟು ಗಿಡ್ಡ ಇರುತ್ತಾ?" ಎಂದು ಕೇಳಿದ. "ಅದು ಖಾಸಗಿ ನಂಬರು. ಖಾಸಗಿಯದು ಗಿಡ್ಡವೇ ಇರೋದು" ಎಂದರು ಇನ್ಸ್‌ಪೆಕ್ಟರು. ಪೊಲೀಸರು ಹೇಳಿದ ಮೇಲೆ ಮುಗಿಯಿತು.

ಅಧ್ಯಕ್ಷರು ಎರಡು ಸಲ ತಪ್ಪು ನಂಬರು ತಿರುಗಿಸಿದ್ದರಿಂದ ಮೂರನೇ ಸಲ ತಿರುಗಿಸಿದ್ದು ಹಲೋ. ಎಲ್ಲರಿಗೂ ಕೇಳಲೆಂದು ಸ್ಪೀಕರಿನ ಗುಂಡಿ ಒತ್ತಿ, ಫೋನಿನ ಮುಂದೆ ಮೈಕ್ ಹಿಡಿದ. ಆ ಕಡೆ ಫೋನು ಬಹಳ ಹೊತ್ತು ರಿಂಗಾಯಿತು. ಕೊನೆಗೆ ಯಾರೋ ಎತ್ತಿದರು. ಏದುಸಿರು ಕೇಳಿತು. ಆಮೇಲೆ ಊರಿಗೆಲ್ಲ ಚೆನ್ನಾಗಿ ಗೊತ್ತಿದ್ದ ಆ ದೊಡ್ಡ ಧ್ವನಿ ಮಾಡಿನ ಮೇಲಿನ ಎರಡೂ ಹಾರ್ನುಗಳಿಂದ ಬೀದಿಗೆ ಬಂತು: "ಹಲೋ?"

"ಹಾಂ ಫಾದರ್, ನಾನೇ!" ಎಂದ ಹಲೋ.

ಅಧ್ಯಕ್ಷರು ಅವನನ್ನು ಪಕ್ಕಕ್ಕೆ ತಳ್ಳಿ ಫೋನಿನ ಮುಂದೆ ಮಂಡಿಯೂರಿದರು. "ಪರಮಪೂಜ್ಯರೇ! ನಾನು, ಸಮಿತಿಯ ಅಧ್ಯಕ್ಷ. ನಾವು ಬಿಷಪ್ಪರ ಹತ್ತಿರ ಹೇಳಿದ ದೂರಿನಲ್ಲಿ ಅರ್ಧ ಸುಳ್ಳು. ಇನ್ನರ್ಧ ಹೊಟ್ಟೆಕಿಚ್ಚು. ನನ್ನ ಮಾತು ಯಾರೂ ಕೇಳ್ತಿರಲಿಲ್ಲ, ನಿಮ್ಮ ಮಾತು ಕೇಳ್ತಾ ನಿದ್ದೆಯಾದರೂ ಮಾಡ್ತಿದ್ದರು. ಕ್ಷಮಿಸಬೇಕು."

ಹಾಡಿನ ಟೀಚರು ಬಗ್ಗಿದರು. "ಫಾದರ್, ನೀವು ಹಾಡೋಕೆ ಶುರು ಮಾಡಿದ ಕೂಡಲೇ ನಾನು ಬೇಕಂತಲೇ ಆರ್ಗನ್ ಜೋರು ಮಾಡ್ತಿದ್ದೆ. ನಿಮ್ಮ ಧ್ವನಿ ಕೇಳಬಾರದು ಅಂತ."

"ಡಾಕ್ಟರು ಹೇಳಿದ್ದಾರೆ ಅಂತ ನಿಮ್ಮ ಸೂಪಿಗೆ ನೀರು ಬೆರೆಸ್ತಿದ್ದೆ ಫಾದರ್" ಎಂದು ಅಡುಗೆಯಮ್ಮ ಗೊಳೋ ಎಂದಳು. "ಡಾಕ್ಟರು ಏನೂ ಹೇಳಿರಲಿಲ್ಲ. ಉಳಿದ ಗಟ್ಟಿ ಸೂಪನ್ನ ನಾನೇ ಕುಡೀತಿದ್ದೆ."

"ಠಾಣೆಯ ಬೆಂಚು ಮೊದಲೇ ಮುರಿದಿತ್ತು, ಯುವರ್ ಹೋಲಿನೆಸ್" ಎಂದರು ಇನ್ಸ್‌ಪೆಕ್ಟರು, ಅಟೆನ್ಷನ್‌ನಲ್ಲಿ ನಿಂತು.

ಹಲೋನ ಹೆಂಡತಿ ಗಂಡನ ಪಕ್ಕೆಗೆ ತಿವಿದಳು. ಅವನೂ ಮೈಕಿಗೆ ಬಾಯಿಟ್ಟ. "ಫಾದರ್, ನಿಮ್ಮ ಪ್ರಸಂಗ ಉದ್ದ ಆದಾಗಲೆಲ್ಲ ಮೈಕಿನ ಫ್ಯೂಸ್ ಹೋಗ್ತಿತ್ತಲ್ಲ... ಅದು ತಾನಾಗಿ ಹೋಗ್ತಿರಲಿಲ್ಲ."

ಆಗ ಹಾರ್ನಿನಿಂದ ಧ್ವನಿ ಬಂತು. ಈ ಸಲ ಅದು ದೊಡ್ಡದಿರಲಿಲ್ಲ.

"ನನಗೇನಾಗಿದೆ?"

"ಫಾದರ್?"

"ಡಾಕ್ಟರು ನಿಮಗೆ ಫೋನ್ ಮಾಡಿದ್ರಾ? ಹೋದ ವಾರ ರಕ್ತ ಪರೀಕ್ಷೆಗೆ ಕೊಟ್ಟಿದ್ದೆ. ಏನೂ ಇಲ್ಲ ಅಂದಿದ್ರು. ಇಷ್ಟು ಜನ ಒಟ್ಟಿಗೆ ಕ್ಷಮೆ ಕೇಳ್ತಿದ್ದೀರಿ ಅಂದರೆ ನಾನು ಸಾಯ್ತಾ ಇದ್ದೀನಿ ಅಂತ ಆಯ್ತು. ನಿಜ ಹೇಳಿ, ಎಷ್ಟು ದಿನ ಅಂದಿದ್ದಾರೆ?"

"ಇಲ್ಲ ಇಲ್ಲ, ಪರಮಪೂಜ್ಯರೇ!" ಎಂದು ಅಧ್ಯಕ್ಷರು ಚೀರಿದರು. "ನೀವು ಪೋಪ್ ಆಗಿದ್ದೀರಿ!"

"ಯಾರು?"

"ತಾವು!"

"ನಾನಾ?" ಎಂದಿತು ಧ್ವನಿ. ಆಮೇಲೆ ನೀರು ಚೆಲ್ಲಿದ ಸದ್ದು. "ನನ್ನ ಕೈಯಲ್ಲಿ ಬಕೆಟ್ಟಿತ್ತು, ಬಿತ್ತು. ಏನ್ರಪ್ಪಾ ಹೇಳ್ತಿದ್ದೀರಿ? ನಾನಿಲ್ಲಿ ವಯಸ್ಸಾದ ಪಾದ್ರಿಗಳ ಆಶ್ರಮದಲ್ಲಿದ್ದೀನಿ. ರೋಮಿನಿಂದ ವಾಪಸ್ ಬಂದು ಯಾವ ಕಾಲ ಆಯ್ತು! ಹಾಲ್‌ನಲ್ಲಿ ಟಿವಿ ಓಡ್ತಾ ಇದೆ, ಇಲ್ಲಿಂದ ಕಾಣುತ್ತೆ. ಹೊಸ ಪೋಪ್ ಈಗ ತಾನೇ ಬಾಲ್ಕನಿಗೆ ಬಂದರು. ಪಾಪ, ಕಡ್ಡಿ ಹಾಗಿದ್ದಾರೆ."

ಅದೇ ಗಳಿಗೆಗೆ ಕರೆಂಟು ಬಂತು. ಟಿವಿ ಹೊತ್ತಿಕೊಂಡಿತು. ಬಿಳಿ ಬಟ್ಟೆಯಲ್ಲಿ ಸಣ್ಣಗೆ, ಉದ್ದಕ್ಕೆ, ಗಾಳಿ ಬೀಸಿದರೆ ಬಾಗುವಂಥ ಮುದುಕರೊಬ್ಬರು ಕೈಯಾಡಿಸುತ್ತಿದ್ದರು. ಯಾವ ಕಡೆಯಿಂದ ನೋಡಿದರೂ ಅವರನ್ನು ಡುಮ್ಮ ಎನ್ನುವಂತಿರಲಿಲ್ಲ.

ಆ ಹೊತ್ತಿಗೆ ಆಸ್ಪತ್ರೆಯಿಂದ ಈಗಿನ ಪಾದ್ರಿ ಬಂದರು. ರೋಗಿ ಎದ್ದು ಕೂತು ಕಾಫಿ ಕೇಳಿದನಂತೆ. ಬಾಗಿಲಲ್ಲಿ ನಿಂತು ಅವರು ಒಳಗಿದ್ದದ್ದನ್ನು ನೋಡಿದರು: ಟೆಲಿಫೋನಿನ ಮುಂದೆ ಮಂಡಿಯೂರಿದ ಅಧ್ಯಕ್ಷರು, ಸೆಲ್ಯೂಟ್ ಹೊಡೆದು ನಿಂತ ಇನ್ಸ್‌ಪೆಕ್ಟರು, ನೆಲದ ತುಂಬ ಒಡೆದ ಗಾಜು. "ಏನಾಗಿದೆ ಇಲ್ಲಿ?"

ವಿಷಯ ತಿಳಿದ ಮೇಲೆ ಅವರು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಯಾರಿಗೂ ಗೊತ್ತಾಗಲಿಲ್ಲ. "ದೋಮಿನುಂ ಅಂದರೆ ಪ್ರಭುಗಳನ್ನು, ಮಾನ್ಯರನ್ನು ಅಂತ ಅರ್ಥ" ಎಂದರು ಕೊನೆಗೆ. "ಯಾರೇ ಪೋಪ್ ಆದರೂ ಹೆಸರಿಗೆ ಮುಂಚೆ ಅದನ್ನೇ ಹೇಳೋದು."

ಊರು ಹಲೋನ ಕಡೆ ತಿರುಗಿತು. ಅಧ್ಯಕ್ಷರು ಎದ್ದರು. ಮಂಡಿಯ ಧೂಳು ಒರೆಸಿಕೊಳ್ಳಲೂ ಇಲ್ಲ.

"ಲ್ಯಾಟಿನ್ ಬರುತ್ತೆ ಅಂದ್ಯಲ್ಲೋ! ಮಾನ್ಯರನ್ನು ಅಂದರೆ ಡುಮ್ಮನ್ನ ಅಂದ್ಯಲ್ಲೋ! ನಿನ್ನ ಡುಮ್ಮನ್ನ ಕಟ್ಟಿಕೊಂಡು ಊರ ಮುಂದೆ ನನ್ನ ಮಾನ ಹರಾಜಾಯ್ತು! ನಾನು ಹೇಳಿದ್ದೆಲ್ಲ ವಾಪಸ್ ತಗೋತೀನಿ!"

"ಕ್ಷಮೆ ವಾಪಸ್ ತಗೊಳ್ಳೋಕೆ ಬರಲ್ಲ ಭಾವ" ಎಂದಳು ಹಲೋನ ಹೆಂಡತಿ. ಭಯದಿಂದ ಅವಳ ಮುಖ ಸುಣ್ಣದಂತಾಗಿತ್ತು, ಆದರೂ ಬಾಯಿ ನಿಲ್ಲಲಿಲ್ಲ.

"ಯಾಕೆ ಬರಲ್ಲ? ಪೋಪ್ ಅಂದುಕೊಂಡು ಕೇಳಿದ್ದು. ಪೋಪ್ ಅಲ್ಲದ ಮೇಲೆ ಅದು ಊರ್ಜಿತ ಅಲ್ಲ. ಇಲಾಖೆಯಲ್ಲಿ ಹೀಗೆ ಎಷ್ಟು ಆರ್ಡರು ರದ್ದು ಮಾಡಿಲ್ಲ ನಾನು!"

"ಹಾಗಾದರೆ ನನ್ನ ಸೂಪಿನ ವಿಷಯವೂ ವಾಪಸ್ಸಾ?" ಎಂದು ಅಡುಗೆಯಮ್ಮ ಆಸೆಯಿಂದ ಕೇಳಿದಳು.

ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು, ತಮ್ಮ ಬೆಂಚಿನ ಮಾತನ್ನು ಯಾರೂ ಎಲ್ಲೂ ಎತ್ತಕೂಡದೆಂದು ಸಾರಿ, ಹಲೋನ ಮೇಲೆ ಯಾವ ಸೆಕ್ಷನ್ ಹಾಕಬಹುದೆಂದು ಯೋಚಿಸುತ್ತ ನಿಂತರು. ಲ್ಯಾಟಿನ್ ತಪ್ಪು ಹೇಳಿದ್ದಕ್ಕೆ ಅವರಿಗೆ ಯಾವ ಸೆಕ್ಷನ್ನೂ ನೆನಪಾಗಲಿಲ್ಲ.

ಈ ಜಗಳದಲ್ಲಿ ಒಂದು ಸಂಗತಿಯನ್ನು ಎಲ್ಲರೂ ಮರೆತಿದ್ದರು. ಫೋನು ಇಟ್ಟಿರಲಿಲ್ಲ.

"ಒಂದು ನಿಮಿಷ" ಎಂದಿತು ಹಾರ್ನು.

ಎಲ್ಲರೂ ಟೆಲಿಫೋನಿನ ಕಡೆ ತಿರುಗಿದರು.

"ನನ್ನನ್ನ ನೀವು ಡುಮ್ಮ ಅಂತ ಕರೀತಿದ್ರಾ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಧ್ಯಕ್ಷರು ಟೀಚರನ್ನು ನೋಡಿದರು, ಟೀಚರು ಅಡುಗೆಯಮ್ಮನನ್ನು ನೋಡಿದರು, ಅಡುಗೆಯಮ್ಮ ಛಾವಣಿ ನೋಡಿದಳು. ಇಷ್ಟು ವರ್ಷ ಬೆನ್ನ ಹಿಂದೆ ಜೋಪಾನವಾಗಿ ಕಾಯ್ದುಕೊಂಡು ಬಂದ ಹೆಸರನ್ನು ಧ್ವನಿವರ್ಧಕದಲ್ಲಿ ಅವರ ಕಿವಿಗೇ ಹಾಕಿ ಆಗಿತ್ತು.

"ಎಲ್ಲರೂನಾ?" ಎಂದರು ಫಾದರ್.

ಹಲೋ ಮೈಕ್ ಹಿಡಿದವನು. ಯಾರೂ ಮಾತಾಡದಿದ್ದಾಗ ಮಾತಾಡಬೇಕಾದವನು ಅವನೇ. "ಹೌದು ಫಾದರ್" ಎಂದ. "ಎಲ್ಲರೂ. ಆದರೆ ಮಕ್ಕಳು ಪ್ರೀತಿಯಿಂದ ಕರೀತಿದ್ದವು."

ಹಾರ್ನಿನಲ್ಲಿ ಗರಗರ ಸದ್ದು ಬಂತು. ಹಲೋ ವಯರು ಸಡಿಲವಾಯಿತೆಂದುಕೊಂಡು ಅಲ್ಲಾಡಿಸಿದ. ವಯರು ಸರಿಯಾಗಿಯೇ ಇತ್ತು. ಫಾದರ್ ನಗುತ್ತಿದ್ದರು. ಮೊದಲು ಹೊಟ್ಟೆಯೊಳಗೆ, ಆಮೇಲೆ ಗಂಟಲಿಗೆ ಬಂದು, ಆಮೇಲೆ ಮಾಡಿನ ಮೇಲಿನ ಎರಡೂ ಹಾರ್ನುಗಳು ನಡುಗುವ ಹಾಗೆ. ಬೀದಿಯ ನಾಯಿಗಳು ಬೊಗಳಿದವು. ನಗು ತಡೆದುಕೊಳ್ಳಲು ಅವರಿಗೆ ಬಹಳ ಹೊತ್ತು ಬೇಕಾಯಿತು.

"ಅಧ್ಯಕ್ಷರೇ" ಎಂದರು ಕೊನೆಗೆ, "ನಿಮಗೆ ಬೇಕಾದ್ದನ್ನ ವಾಪಸ್ ತಗೊಳ್ಳಿ. ಆದರೆ ಫೋನು ಇಡಬೇಡಿ. ಇನ್ನೂ ಸ್ವಲ್ಪ ಹೊತ್ತು ಇರಲಿ. ಇಲ್ಲಿ ಈ ಫೋನು ದಿನಾ ರಿಂಗಾಗುತ್ತೆ. ಯಾರು ಯಾರಿಗೋ ಬರುತ್ತೆ. ನಾನು ಬಂದ ಮೇಲೆ ನನಗೆ ಅಂತ ಬಂದಿದ್ದು ಇದೇ ಮೊದಲು. ಅದಕ್ಕೇ ಸಾಯ್ತಿದ್ದೀನಿ ಅಂದುಕೊಂಡೆ."

ಟಿವಿಯಲ್ಲಿ ಹೊಸ ಪೋಪ್ ಕೈಯೆತ್ತಿ ಲೋಕವನ್ನೆಲ್ಲ ಹರಸತೊಡಗಿದ್ದರು. ಸಭಾಂಗಣದವರೆಲ್ಲ ಅದಕ್ಕೆ ಬೆನ್ನು ಹಾಕಿ ಟೆಲಿಫೋನನ್ನು ನೋಡುತ್ತಿದ್ದರು.

ಅಧ್ಯಕ್ಷರು ಇಲಾಖೆಯ ಧ್ವನಿಯನ್ನು ಹುಡುಕಿದರು, ಸಿಗಲಿಲ್ಲ.

"ಊಟ ಆಯ್ತಾ ಫಾದರ್?" ಎಂದರು.

"ಇನ್ನೂ ಇಲ್ಲಪ್ಪಾ. ನಿಮ್ಮದು?"

ಅಷ್ಟೇ ಬೇಕಿತ್ತು. ಅಡುಗೆಯಮ್ಮ ಮುಂದೆ ನುಗ್ಗಿ ಅಲ್ಲಿ ಅಡುಗೆ ಯಾರು ಮಾಡುತ್ತಾರೆ, ಉಪ್ಪು ಸರಿಯಾಗಿ ಹಾಕುತ್ತಾರೋ ಎಂದು ವಿಚಾರಿಸಿದಳು. ಟೈಲರು ಈಗ ನಡು ಎಷ್ಟಿದೆ ಎಂದು ಕೇಳಿ, ಉತ್ತರ ಕೇಳಿ, ಬಟ್ಟೆ ತಾನೇ ಕೊಡುತ್ತೇನೆಂದ. ಟೀಚರು ತಮ್ಮ ಮಗಳ ಮದುವೆಯಾದದ್ದು ಹೇಳಿದರು. ಇನ್ಸ್‌ಪೆಕ್ಟರು ಹೊರಗೆ ಹೋಗಿ, ಜೀಪಿನ ಎಂಜಿನ್ ಬಂದ್ ಮಾಡಿಸಿ, ವಾಪಸ್ ಬಂದು ಸರದಿಯಲ್ಲಿ ನಿಂತರು. ಬೀದಿಯವರು ಕಿಟಕಿಯಿಂದಲೇ ತಮ್ಮ ತಮ್ಮ ಸುದ್ದಿ ಕೂಗಿ ಹೇಳಿದರು: ಯಾರ ಮನೆಯಲ್ಲಿ ಮಗುವಾಯಿತು, ಯಾರು ತೀರಿಕೊಂಡರು, ಯಾರು ಮಾತು ಬಿಟ್ಟಿದ್ದಾರೆ. ಫಾದರ್ ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಯಾವ ಉತ್ತರವೂ ಚಿಕ್ಕದಿರಲಿಲ್ಲ. ಹಲೋ ಮೈಕನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಿಸುತ್ತ ನಿಂತೇ ಇದ್ದ. ಅವನನ್ನು ಬೈಯಬೇಕೆಂಬುದು ಯಾರಿಗೂ ಆಮೇಲೆ ನೆನಪಾಗಲಿಲ್ಲ.

ಮಾತೆಲ್ಲ ಮುಗಿಯುತ್ತ ಬಂದಾಗ ಈಗಿನ ಪಾದ್ರಿ ಗಾಬರಿಯಿಂದ ಟಿವಿಯ ಕಡೆ ನೋಡಿದರು. ಅದರಲ್ಲಿ ಬಾಲ್ಕನಿಯ ಬಾಗಿಲು ಮುಚ್ಚಿತ್ತು. ಚೌಕದಲ್ಲಿ ಯಾರೋ ಕಸ ಗುಡಿಸುತ್ತಿದ್ದರು.

"ಅಯ್ಯೋ, ನಾಳೆ ಬೆಳಗಿನ ಪ್ರಾರ್ಥನೆಯಲ್ಲಿ ಹೊಸ ಪೋಪರ ಹೆಸರು ಹೇಳಬೇಕು. ಏನು ಹೆಸರು ಇಟ್ಟುಕೊಂಡರು? ಯಾರಾದರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಹಲೋ ಮೈಕಿನ ತಲೆಯನ್ನು ಮೆಲ್ಲಗೆ ಕುಟ್ಟಿದ. "ಫಾದರ್, ನೀವು ಟಿವಿ ಮುಂದೆಯೇ ಇದ್ದೀರಲ್ಲ. ಪೋಪ್ ಆದವರ ಹೆಸರು ಏನಂದ್ರು?"

"ನಾನೂ ಕೇಳಲಿಲ್ಲ ಕಣಪ್ಪಾ" ಎಂದರು ಫಾದರ್. "ನಿಮ್ಮ ಹತ್ತಿರ ಮಾತಾಡ್ತಾ ಇದ್ದೆನಲ್ಲ."